ಕಾಲೂರದ ಸವಾರಿ

ಕಡಲು ಬೆಟ್ಟಗಳ ಸಂದಿನಲ್ಲಿ ತೋಳು ಚಾಚಿ, ಎಂಟೊಂಬತ್ತು ಮೈಲಿ ಒಳನಾಡಿಗೆ ನುಗ್ಗಿ ಬಂದು, ಇನ್ನು ಮುಂದೆ ದಾರಿಯಿಲ್ಲವೆಂದು ನಿಂತುಬಿಟ್ಟ ಜಾಗದಲ್ಲಿ ಕಿನ್‌ಲಾಕ್‌ಲೆವನ್ ಎಂಬ ಊರಿದೆ. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಲೆವನ್ ಸರೋವರದ ತಲೆ ಎಂದು ಆ ಹೆಸರಿನ ಅರ್ಥ. ಸರೋವರವೆಂದು ಕರೆದರೂ ನೀರು ಉಪ್ಪುನೀರೇ. ಅದಕ್ಕೆ ಭರತವುಂಟು, ಇಳಿತವುಂಟು. ಊರಿನ ಸುತ್ತ ಬೆಟ್ಟ. ನಾವು ಹೋದಾಗ ಏಪ್ರಿಲ್ ತಿಂಗಳ ಕೊನೆಯ ವಾರ. ತಪ್ಪಲಿನಲ್ಲಿ ಮುಳ್ಳುಪೊದೆಗಳು ಅರಿಸಿನ ಚೆಲ್ಲಿದಂತೆ ಹೂಬಿಟ್ಟಿದ್ದವು, ನೆತ್ತಿಯಲ್ಲಿ ಮಾತ್ರ ಹಿಮ ಇನ್ನೂ ಪಟ್ಟೆಪಟ್ಟೆಯಾಗಿ ಉಳಿದಿತ್ತು.

ಈ ಊರಿಗೆ ಹೊರಗಿನವರು ಬರುವುದು ಹೆಚ್ಚಾಗಿ ನಡೆಯಲು. 1980ರಲ್ಲಿ ತೆರೆದ 96 ಮೈಲಿಯ ಕಾಲ್ನಡಿಗೆಯ ಹಾದಿಯೊಂದು ಗ್ಲಾಸ್ಗೋ ನಗರದ ಅಂಚಿನಿಂದ ಹೊರಟು ಫೋರ್ಟ್ ವಿಲಿಯಂ ಪಟ್ಟಣವನ್ನು ಮುಟ್ಟುವ ಮುನ್ನ ಇಲ್ಲಿಗೆ ಇಳಿದು ಬರುತ್ತದೆ. ನಾವು ಹೋದದ್ದು ನಡೆಯಲಲ್ಲ. ನನ್ನ ಅಕ್ಕ ಭಾವ ಹಲವು ವರ್ಷಗಳಿಂದ ಗ್ಲಾಸ್ಗೋದಲ್ಲಿದ್ದಾರೆ. ಕಾಲೇಜಿಗೆ ಬೇಸಗೆಯ ರಜೆ ಬಂದೊಡನೆ ಅವರ ಮನೆಗೆ ಹೋದ ನಾನು, ಎಡಿನ್‌ಬರೋದ ಕೋಟೆ, ಸರ್ ವಾಲ್ಟರ್ ಸ್ಕಾಟನ ಸ್ಮಾರಕ ಮೊದಲಾದ, ಕನ್ನಡ ಮೇಷ್ಟರೊಬ್ಬನು ನೋಡತಕ್ಕ ಸ್ಥಳಗಳನ್ನೆಲ್ಲ ನೋಡಿಯಾಗಿತ್ತು. ಆಗ ಅಕ್ಕನ ಮಗ, ಹದಿನೇಳರ ಹುಡುಗ, ಒಂದು ರಾತ್ರಿ ಊಟದ ಮೇಜಿನ ಬಳಿ ತಗಾದೆ ಎತ್ತಿದ.

"ಮಾವ, ಸತ್ತವರ ಸ್ಮಾರಕ ನೋಡಿದ್ದು ಸಾಕು. ಎರಡು ದಿನ ನಾನು ಹೇಳಿದಲ್ಲಿಗೆ ಬನ್ನಿ. ಅಜ್ಜನ ಗಾಡಿಯಂಥವು ಬೆಟ್ಟ ಹತ್ತುವುದನ್ನು ತೋರಿಸುತ್ತೇನೆ."

ಅಜ್ಜನ ಗಾಡಿ ಎಂಬ ಮಾತು ಕೇಳಿ ನಾನು ತಟ್ಟೆಯ ಕಡೆ ಕಣ್ಣು ಹೊರಳಿಸಿದೆ. ಆ ಗಾಡಿಯನ್ನು ಮಾರಲು ಒಪ್ಪಿ ಬಂದವನು ನಾನು; ಅದನ್ನು ಅಕ್ಕನಿಗಾಗಲಿ ಹುಡುಗನಿಗಾಗಲಿ ಹೇಳಿರಲಿಲ್ಲ.

ಗ್ಲಾಸ್ಗೋದಿಂದ ಮೂರು ಗಂಟೆಯ ದಾರಿ. ಲೋಮಂಡ್ ಸರೋವರದ ದಂಡೆ, ಆ ಮೇಲೆ ರ್‍ಯಾನಕ್ ಎಂಬ ಜೌಗಿನ ಬಯಲು, ಅದನ್ನು ದಾಟಿದರೆ ಗ್ಲೆನ್‌ಕೋ ಕಣಿವೆ. 1692ನೆಯ ಇಸವಿಯ ಫೆಬ್ರವರಿಯ ಒಂದು ಬೆಳಗಿನ ಜಾವ, ಹನ್ನೆರಡು ದಿನ ಅನ್ನ ಹಾಕಿದ ಮನೆಯವರನ್ನೇ ಅತಿಥಿಗಳಾಗಿದ್ದ ಸೈನಿಕರು ಕೊಂದ ಸ್ಥಳವಿದು. ಮೋಡ ಮುಸುಕಿದ ಆ ಕರಿಯ ಬಂಡೆಗಳ ನಡುವೆ ಹಾದುಹೋಗುವಾಗ ಯಾರಿಗೂ ಮಾತು ಹೊರಡದು. ಕಣಿವೆ ಮುಗಿದಲ್ಲಿ ಬಲಕ್ಕೆ ತಿರುಗಿ ಸರೋವರದ ದಕ್ಷಿಣ ದಂಡೆಯನ್ನು ಹಿಡಿದೆವು. ಈ ರಸ್ತೆಯನ್ನು ಕಡಿದವರು ಮೊದಲನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ಜರ್ಮನರು.

ಊರು ಹುಟ್ಟಿದ್ದೂ ಕೂಲಿಯವರ ಬೆವರಿನಿಂದಲೇ. ನದಿಯ ಎರಡು ದಂಡೆಗಳಲ್ಲಿದ್ದ ಎರಡು ಪುಟ್ಟ ಹಳ್ಳಿಗಳು ಸೇರಿ, ಅಲ್ಯೂಮಿನಿಯಂ ಕರಗಿಸುವ ಕಾರ್ಖಾನೆಗಾಗಿ ಒಂದು ಊರಾದವು. ಕಾರ್ಖಾನೆಗೆ ವಿದ್ಯುತ್ತು ಬೇಕು. ವಿದ್ಯುತ್ತಿಗೆ ನೀರು ಬೇಕು. ಮೇಲಿನ ಬಯಲಿನಲ್ಲಿ ಬ್ಲ್ಯಾಕ್‌ವಾಟರ್ ಎಂಬ ಅಣೆಕಟ್ಟನ್ನು 1905ರಿಂದ 1909ರವರೆಗೆ ಸಾವಿರಾರು ಕೂಲಿಗಳು ಗುದ್ದಲಿ ಸಲಿಕೆಗಳಿಂದ ಕಟ್ಟಿದರು. ಅವರಲ್ಲಿ ಮಡಿದವರ ಸಣ್ಣದೊಂದು ಸ್ಮಶಾನ ಅಣೆಕಟ್ಟಿನ ಕೆಳಗೆ ಈಗಲೂ ಇದೆ; ಸಿಮೆಂಟಿನ ಕಲ್ಲುಗಳು, ಕೆಲವಕ್ಕೆ ಹೆಸರೂ ಇಲ್ಲ. ಅಣೆಕಟ್ಟಿನ ನೀರು ಬೆಟ್ಟದ ಬೆನ್ನಿನ ಮೇಲೆ ಸಾಲಾಗಿ ಮಲಗಿದ ದಪ್ಪ ಕೊಳವೆಗಳಲ್ಲಿ ಇಳಿದು ಊರಿನ ವಿದ್ಯುದಾಗಾರವನ್ನು ಸೇರುತ್ತದೆ. ಅವನ್ನು ಕಂಡೊಡನೆ ನನಗೆ ಶಿವನಸಮುದ್ರದ ನೆನಪಾಯಿತು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕಾವೇರಿಯ ವಿದ್ಯುತ್ತನ್ನು ಕಳುಹಿಸಿದ ಆ ಆಗಾರ ಇದಕ್ಕಿಂತ ಹಿರಿಯದೆಂದು ಹುಡುಗನಿಗೆ ಹೇಳಿ ಸ್ವಲ್ಪ ಹೆಮ್ಮೆಪಟ್ಟೆ. ಕಾರ್ಖಾನೆ ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಮುಚ್ಚಿಹೋಯಿತು. ಕೊಳವೆಗಳು ಉಳಿದಿವೆ, ನೀರು ಇನ್ನೂ ಇಳಿಯುತ್ತಿದೆ.

ನಾವು ನೋಡಲು ಹೋದದ್ದು ಆ ಕೊಳವೆಗಳ ಮಗ್ಗುಲಿನ ಕಲ್ಲುಹಾದಿಯನ್ನು.

ಇಲ್ಲಿ ವಾಚಕರಿಗೆ ಈ ಆಟದ ನಿಯಮವನ್ನು ಸ್ವಲ್ಪ ವಿವರಿಸಬೇಕು. ಮೋಟಾರ್ ಸೈಕಲ್ ಪಂದ್ಯವೆಂದರೆ ವೇಗವೆಂದೇ ನಾವು ತಿಳಿದಿರುತ್ತೇವೆ. ಇಲ್ಲಿ ವೇಗಕ್ಕೆ ಬೆಲೆಯಿಲ್ಲ. ಟ್ರಯಲ್ ಎಂದು ಇದರ ಹೆಸರು. ಬಂಡೆ, ಹಳ್ಳ, ಕೆಸರು, ಬೇರುಗಳಿಂದ ಕೂಡಿದ ಕೆಲವು ಗಜಗಳ ದಾರಿಯನ್ನು ಗುರುತು ನೆಟ್ಟು ಬೇರ್ಪಡಿಸಿರುತ್ತಾರೆ. ಅವರು ಸೆಕ್ಷನ್ ಎನ್ನುವುದನ್ನು ನಾನು ಘಟ್ಟವೆಂದು ಕರೆಯುತ್ತೇನೆ. ಸವಾರನು ಅದನ್ನು ಮೊದಲು ನಡೆದು ನೋಡಬಹುದು. ಬಳಿಕ ಗಾಡಿಯೇರಿ, ನೆಲಕ್ಕೆ ಕಾಲೂರದೆ ದಾಟಬೇಕು. ಒಂದು ಸಲ ಕಾಲೂರಿದರೆ ಒಂದು ಅಂಕ, ಎರಡು ಸಲಕ್ಕೆ ಎರಡು, ಅದಕ್ಕಿಂತ ಹೆಚ್ಚು ಎಷ್ಟು ಊರಿದರೂ ಮೂರು. ಗಾಡಿ ನಿಂತುಹೋದರೆ, ಬಿದ್ದರೆ, ಗುರುತಿನಾಚೆಗೆ ಹೊರಳಿದರೆ ಐದು. ಎಲ್ಲರಿಗಿಂತ ಕಡಿಮೆ ಅಂಕ ಪಡೆದವನೇ ಗೆದ್ದವನು! ನಮ್ಮ ವಿದ್ಯಾರ್ಥಿಗಳಿಗೆ ಈ ಪದ್ಧತಿ ಬಹಳ ಹಿಡಿಸೀತು.

ಈ ಕ್ರೀಡೆಯ ಯಾತ್ರಾಸ್ಥಳ ಇದೇ ಸೀಮೆ. ಸ್ಕಾಟಿಷ್ ಆರು ದಿನಗಳ ಟ್ರಯಲ್ 1909ರಷ್ಟು ಹಿಂದಿನದು. ಈಗ ಪ್ರತಿ ವರ್ಷ ಮೇ ತಿಂಗಳ ಮೊದಲಲ್ಲಿ ಫೋರ್ಟ್ ವಿಲಿಯಮ್ಮಿನಿಂದ ನಡೆಯುತ್ತದೆ. ಅಲ್ಲಿ ಇಂದಿನ ಯಂತ್ರಗಳು, ಇಂದಿನ ತರುಣರು. ಅದಕ್ಕೆ ಮುಂಚಿನ ಶುಕ್ರವಾರ ಶನಿವಾರಗಳಂದು ಕಿನ್‌ಲಾಕ್‌ಲೆವನ್ನಿನಲ್ಲಿ ಮತ್ತೊಂದು ಟ್ರಯಲ್ ಜರಗುತ್ತದೆ. 1984ರಲ್ಲಿ ಆರಂಭವಾದ ಇದರಲ್ಲಿ 1965ಕ್ಕಿಂತ ಹಿಂದಿನ ಮಾದರಿಯ ಗಾಡಿಗಳಿಗೆ ಮಾತ್ರ ಪ್ರವೇಶ.

1965 ಏಕೆ? ಅದೊಂದು ಯುಗ ಮುಗಿದ ವರ್ಷ. ಬೆಲ್‌ಫಾಸ್ಟಿನ ಸ್ಯಾಮಿ ಮಿಲ್ಲರ್ ಎಂಬಾತ ಆ ಕಾಲದ ಟ್ರಯಲ್ ಸವಾರರಲ್ಲಿ ಸಾಟಿಯಿಲ್ಲದವನು. 1959ರಿಂದ ಹನ್ನೊಂದು ವರ್ಷ ಬಿಡದೆ ಬ್ರಿಟನ್ನಿನ ಚಾಂಪಿಯನ್. ಏರಿಯಲ್ ಎಂಬ 500 ಸಿ.ಸಿ.ಯ ಇಂಗ್ಲಿಷ್ ಗಾಡಿಯನ್ನು ಅಂಗುಲ ಅಂಗುಲವಾಗಿ ಕೆತ್ತಿ ಹಗುರಗೊಳಿಸಿ, 1962 ಮತ್ತು 1964ರಲ್ಲಿ ಆರು ದಿನಗಳ ಟ್ರಯಲನ್ನು ಗೆದ್ದಿದ್ದ. 1964ರ ಕೊನೆಗೆ ಅವನು ಸ್ಪೇನ್ ದೇಶದ ಬುಲ್ಟಾಕೊ ಕಂಪೆನಿಯನ್ನು ಸೇರಿದ. ಮರುವರ್ಷ ಆ ಕಂಪೆನಿಯ ಹಗುರವಾದ ಟೂ ಸ್ಟ್ರೋಕ್ ಗಾಡಿಯಲ್ಲಿ ಇದೇ ಬೆಟ್ಟಗಳನ್ನು ಹತ್ತಿ ಗೆದ್ದ. ಭಾರದ ಇಂಗ್ಲಿಷ್ ಯಂತ್ರಗಳ ಕಾಲ ಅಲ್ಲಿಗೆ ತೀರಿತು. ಕೆಲವೇ ವರ್ಷಗಳಲ್ಲಿ ಅವುಗಳನ್ನು ಮಾಡುತ್ತಿದ್ದ ಕಾರ್ಖಾನೆಗಳೂ ಒಂದೊಂದಾಗಿ ಬಾಗಿಲು ಹಾಕಿದವು.

ಆ ತೀರಿಹೋದ ವಂಶವೆಲ್ಲ ಅಂದು ಊರಿನ ಬೀದಿಯಲ್ಲಿ ಸಾಲುಗಟ್ಟಿ ನಿಂತಿತ್ತು. ಏರಿಯಲ್, ಮ್ಯಾಚ್‌ಲೆಸ್, ಏ.ಜೆ.ಎಸ್., ಟ್ರಯಂಫ್ ಕಬ್, ಫ್ರಾನ್ಸಿಸ್ ಬಾರ್ನೆಟ್, ಗ್ರೀವ್ಸ್. ಬಿ.ಎಸ್.ಏ. ಕಂಪೆನಿಯ ಪುಟ್ಟ ಬ್ಯಾಂಟಮ್ಮಿನ ಕತೆ ಸ್ವಾರಸ್ಯವಾದದ್ದು. ಅದು ಮೂಲದಲ್ಲಿ ಜರ್ಮನಿಯ ಡಿ.ಕೆ.ಡಬ್ಲ್ಯು. ಗಾಡಿ, ಯುದ್ಧ ಗೆದ್ದವರು ಪರಿಹಾರವಾಗಿ ಅದರ ನಕ್ಷೆಯನ್ನೇ ಎತ್ತಿಕೊಂಡು ಬಂದರು. 1948ರಿಂದ ಇಂಗ್ಲೆಂಡಿನಲ್ಲಿ ತಯಾರಾಗಿ, ಕೆಂಪು ಬಣ್ಣ ಬಳಿಸಿಕೊಂಡು ಮನೆಮನೆಗೆ ತಂತಿ ಸಮಾಚಾರ ಮುಟ್ಟಿಸಿತು. ಅದೇ ನಕ್ಷೆಯಿಂದ ರಷ್ಯದವರೂ ಅಮೆರಿಕದವರೂ ತಮ್ಮ ತಮ್ಮ ಗಾಡಿ ಮಾಡಿಕೊಂಡರು. ಜಪಾನಿನ ಯಮಾಹಾ ಕಂಪೆನಿ 1955ರಲ್ಲಿ ಹೊರತಂದ ಮೊಟ್ಟಮೊದಲ ಗಾಡಿಯೂ ಅದರ ಪಡಿಯಚ್ಚೇ.

ಗಾಡಿಗಳಿಗಿಂತ ನನ್ನ ಕಣ್ಣನ್ನು ಸೆಳೆದದ್ದು ಅವುಗಳ ಪಕ್ಕ ನಿಂತ ಜನ. ಎಪ್ಪತ್ತು ದಾಟಿದ ಸವಾರರು ಮಂಡಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಇಪ್ಪತ್ತರ ಹುಡುಗರು ತಾವು ಹುಟ್ಟುವುದಕ್ಕೆ ನಲವತ್ತು ವರ್ಷ ಹಿಂದಿನ ಕಾರ್ಬ್ಯುರೇಟರನ್ನು ಬಿಚ್ಚಿ ಊದುತ್ತಿದ್ದರು. ಯಾರ ಗಾಡಿ ಯಾರದೆಂದು ತಿಳಿಯುವಂತಿರಲಿಲ್ಲ. ಒಬ್ಬನದು ಕೆಟ್ಟರೆ ನಾಲ್ವರು ಬಗ್ಗುವರು, ನಾಲ್ವರೂ ಬೇರೆ ಬೇರೆ ವಯಸ್ಸಿನವರು.

ನಿಜ ಹೇಳಬೇಕಾದರೆ, ಹಳೆಯದೆಂದು ಕಾಣುವುದೆಲ್ಲ ಅಲ್ಲಿ ಹಳೆಯದಲ್ಲ. ಒಳಗೆ ಹೊಸ ಕಾಲದ ಕ್ಲಚ್ಚು, ಹೊಸ ಲೋಹದ ಚೌಕಟ್ಟು, ಹೊಸದಾಗಿ ಎರಕ ಹೊಯ್ದ ಭಾಗಗಳು. ಹೊರಗೆ ಮಾತ್ರ ಅಜ್ಜನ ಅಂಗಿ. ಹಣವುಳ್ಳವರು ಹೀಗೆ ಕಟ್ಟಿಸಿ ತಂದ ಗಾಡಿಗಳ ಮುಂದೆ, ಕೊಟ್ಟಿಗೆಯಿಂದ ಎಳೆದು ತಂದ ನಿಜವಾದ ಮುದಿ ಗಾಡಿ ಸೋಲುವುದೇ ಹೆಚ್ಚೆಂದು ಗೊಣಗುವವರು ಅಲ್ಲಿಯೂ ಇದ್ದರು. ಅವರ ಗೊಣಗಾಟದಲ್ಲಿ ನ್ಯಾಯವಿದೆ. ಆದರೆ ನಮ್ಮೂರ ತೇರಿನ ಗಾಲಿಗಳನ್ನು ನಾನು ಬಲ್ಲ ಹಾಗೆ ಎರಡು ಸಲ ಬದಲಾಯಿಸಿದ್ದಾರೆ, ಅಚ್ಚನ್ನು ಒಂದು ಸಲ. ಅದು ಬೇರೆ ತೇರೆಂದು ಯಾರೂ ಹೇಳಿದ್ದಿಲ್ಲ. ಹಗ್ಗ ಹಿಡಿಯುವವರು ಹಿಡಿಯುತ್ತಲೇ ಇದ್ದಾರೆ.

ಕೊಳವೆಗಳ ಪಕ್ಕದ ಘಟ್ಟಕ್ಕೆ ಪೈಪ್‌ಲೈನ್ ಎಂದೇ ಹೆಸರು. ಸಡಿಲಗಲ್ಲುಗಳ ನೇರ ಏರು. ನಿಂತು ನೋಡಲಿಕ್ಕೇ ಮಂಡಿ ನಡುಗುವಂಥ ಕಡಿದು. ಎರಡು ಮಗ್ಗುಲಲ್ಲಿಯೂ ಜನ ಕುಳಿತಿದ್ದರು. ಸವಾರನು ಬುಡದಲ್ಲಿ ಬಂದು ನಿಂತೊಡನೆ ಎಲ್ಲರೂ ಮೌನ. ಕೇಳುವುದು ಯಂತ್ರದ ಸದ್ದೊಂದೇ, ಅದೂ ಭೋರ್ಗರೆತವಲ್ಲ. ಒರಳಿನಲ್ಲಿ ಭತ್ತ ಕುಟ್ಟಿದಂತೆ ಒಂದೊಂದೇ ಏಟು. ಸವಾರನು ಕುಳಿತಿರುವುದಿಲ್ಲ. ಎರಡು ಪಾದಗಳನ್ನೂ ಫುಟ್‌ರೆಸ್ಟಿನ ಮೇಲೆ ಊರಿ, ಮಂಡಿಯನ್ನು ಕೊಂಚ ಮಡಿಸಿ, ಎದೆಯನ್ನು ಮುಂದೆ ಬಾಗಿಸಿ ನಿಂತಿರುತ್ತಾನೆ. ಎಡಗೈಯ ಎರಡು ಬೆರಳು ಮಾತ್ರ ಕ್ಲಚ್ಚಿನ ಮೇಲೆ.

ಆ ಭಂಗಿಯನ್ನು ಕಂಡಾಗ ನನ್ನ ಎದೆ ಧಸಕ್ಕೆಂದಿತು. ನಮ್ಮ ತಂದೆ ಕಳಸದ ಕಡೆಯ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದರು. 1974ರಲ್ಲಿ ಸಾಲ ಮಾಡಿ ಕೊಂಡ ಬುಲೆಟ್ಟು ಅವರದು. ಮಳೆಗಾಲದಲ್ಲಿ ತೋಟದ ದಾರಿ ದಾರಿಯಾಗಿ ಇರುತ್ತಿರಲಿಲ್ಲ, ಹರಿಯುವ ಕೆಸರಾಗಿರುತ್ತಿತ್ತು. ಎಂಟು ವರ್ಷದವನಾಗಿದ್ದ ನನಗೆ ಜ್ವರ ಏರಿದ ಒಂದು ರಾತ್ರಿ, ನನ್ನನ್ನು ಕಂಬಳಿಯಲ್ಲಿ ಸುತ್ತಿ ಟ್ಯಾಂಕಿನ ಮೇಲೆ ಕೂರಿಸಿಕೊಂಡು, ಅವರು ಹೀಗೆಯೇ ನಿಂತು ಆ ಕೆಸರನ್ನು ದಾಟಿದ್ದರು. ಅವರ ಗದ್ದದಿಂದ ತೊಟ್ಟಿಕ್ಕಿದ ಮಳೆನೀರು ನನ್ನ ನೆತ್ತಿಯ ಮೇಲೆ ಬೀಳುತ್ತಿದ್ದುದು ಇಂದಿಗೂ ನೆನಪಿದೆ. ಅದಕ್ಕೊಂದು ಹೆಸರಿದೆ, ಅದೊಂದು ವಿದ್ಯೆ, ಅದಕ್ಕಾಗಿ ದೇಶದೇಶದ ಜನ ಕೂಡುವರೆಂದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ನನಗೆ ಹದಿನೆಂಟು ತುಂಬಿದಾಗ ಅವರು ಗಾಡಿ ಕಲಿಸಲು ಹೊರಟರು. ಕಣದ ಪಕ್ಕದ ಇಳಿಜಾರಿನಲ್ಲಿ ನಾನು ಗಾಡಿಯನ್ನು ಕೆಡವಿದೆ. ಟ್ಯಾಂಕು ಕಲ್ಲಿಗೆ ಬಡಿದು ತಗ್ಗಿತು. ಅವರು ಒಂದು ಮಾತೂ ಆಡಲಿಲ್ಲ. ಎತ್ತಿ ನಿಲ್ಲಿಸಿ ಒರೆಸಿದರು. ಬೈದಿದ್ದರೆ ಬಹುಶಃ ಮರುದಿನ ಮತ್ತೆ ಹತ್ತುತ್ತಿದ್ದೆನೇನೋ. ನಾನು ಪುಸ್ತಕ ಹಿಡಿದು ಮೈಸೂರಿಗೆ ಹೋದೆ. ಅವರು ತೀರಿಕೊಂಡು ಎರಡು ವರ್ಷವಾಯಿತು. ಗಾಡಿ ಕೊಟ್ಟಿಗೆಯಲ್ಲಿ ಉಳಿಯಿತು. ಕೊಳ್ಳಲು ಬಂದವರೊಬ್ಬರು ಒಳ್ಳೆಯ ಬೆಲೆ ಹೇಳಿ, ಅಮ್ಮನ ಕೈಗೆ ಐದು ಸಾವಿರ ಮುಂಗಡ ಕೊಟ್ಟಿದ್ದರು. ಬರುವ ಸೋಮವಾರ ಬಂದು ಒಯ್ಯುವುದೆಂದು ಮಾತಾಗಿತ್ತು.

ಮಧ್ಯಾಹ್ನ ಮಳೆ ಹನಿಯಿತು. ಬಯಲಿನಲ್ಲಿ ನಿಲ್ಲಿಸಿದ್ದ ವ್ಯಾನೊಂದರ ಮರೆಗೆ ಸರಿದೆವು. ವ್ಯಾನಿನ ಒಡೆಯ ಎಂಬತ್ತರ ವೃದ್ಧ. ಮಡಿಸುವ ಕುರ್ಚಿಯಲ್ಲಿ ಕುಳಿತು, ತೊಡೆಯ ಮೇಲೆ ಸ್ಪ್ಯಾನರುಗಳ ಗಂಟು ಬಿಚ್ಚಿಟ್ಟುಕೊಂಡಿದ್ದ. ಅವನ ಮುಂದೆ ಹತ್ತೊಂಬತ್ತು ಇಪ್ಪತ್ತರ ಹುಡುಗಿಯೊಬ್ಬಳು ಚಹ ಕುಡಿಯುತ್ತಿದ್ದಳು; ಕೆನ್ನೆಯವರೆಗೆ ಕೆಸರು. ಅವಳ ಗಾಡಿಯನ್ನು ನೋಡಿ ನನ್ನ ಅಳಿಯ ಕೂಗಿಯೇಬಿಟ್ಟ:

"ಮಾವ, ಬುಲೆಟ್!"

ಬುಲೆಟ್ಟೇ ಹೌದು, ಆದರೆ ನಾನು ಕಂಡ ಸ್ಥೂಲಕಾಯದ ಬುಲೆಟ್ಟಲ್ಲ. ದೀಪವಿಲ್ಲ, ಪೆಟ್ಟಿಗೆಗಳಿಲ್ಲ, ಸೀಟು ಅಂಗೈಯಗಲ, ಸೈಲೆನ್ಸರು ಮೇಲಕ್ಕೆ ಎತ್ತಿ ಕಟ್ಟಿದ್ದು. ಉಪವಾಸದ ಮುನಿಯಂತೆ ಕಾಣುತ್ತಿತ್ತು. ನಾವು ಕರ್ನಾಟಕದವರೆಂದು ಹೇಳಿದರೆ ಆತನಿಗೆ ತಿಳಿಯಲಿಲ್ಲ. ಮದ್ರಾಸಿಗೆ ಹತ್ತಿರವೆಂದೊಡನೆ ಕುರ್ಚಿಯಿಂದ ಎದ್ದು ಕೈಕುಲುಕಿದ.

"ಮದ್ರಾಸು ಇಲ್ಲದಿದ್ದರೆ ನನ್ನ ಗಾಡಿ ಎಂದೋ ಗುಜರಿ ಸೇರುತ್ತಿತ್ತು. ಇದರ ಹೊಟ್ಟೆಯೊಳಗೆ ಅರ್ಧ ನಿಮ್ಮ ದೇಶದ ಭಾಗಗಳೇ ಇವೆ" ಎಂದ.

ನಾವು ಬಲ್ಲ ರೂಪದ ಬುಲೆಟ್ ಗಾಡಿ ಲೋಕಕ್ಕೆ ಮುಖ ತೋರಿಸಿದ್ದು ಇಂಥ ಟ್ರಯಲ್ಲಿನಲ್ಲೆಂಬುದನ್ನು ನಾನು ತಿಳಿದದ್ದು ಆ ಸಂಜೆ. 1948ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪೆನಿಯವರು ಹಿಂದಿನ ಚಕ್ರಕ್ಕೂ ಸ್ಪ್ರಿಂಗಿನ ಆಸರೆ ಕೊಟ್ಟು ಹೊಸ ಗಾಡಿಯನ್ನು ಕಾಲ್ಮೋರ್ ಕಪ್ ಟ್ರಯಲ್ಲಿಗೆ ತಂದರು. ಹಿಂದಿನ ಚಕ್ರ ಕುಣಿದರೆ ಬೆಟ್ಟ ಹತ್ತುವುದೆಂತು ಎಂದು ಆಗಿನ ಪಂಡಿತರಿಗೆ ಸಂದೇಹ. ಅದೇ ವರ್ಷ ಇಟಲಿಯ ಸಾನ್ ರೆಮೊದಲ್ಲಿ ನಡೆದ ಅಂತರರಾಷ್ಟ್ರೀಯ ಆರು ದಿನಗಳ ಟ್ರಯಲ್ಲಿನಲ್ಲಿ ಬ್ರಿಟನ್ನಿನ ತಂಡ ಗೆದ್ದಿತು. ತಂಡದಲ್ಲಿದ್ದ ಬುಲೆಟ್ ಸವಾರರಿಬ್ಬರಿಗೂ ಚಿನ್ನದ ಪದಕ. ಅವರಲ್ಲೊಬ್ಬ ವಿಕ್ ಬ್ರಿಟನ್. ಅವನ ಮಗ ಜಾನಿ ಬ್ರಿಟನ್ ಬುಲೆಟ್ಟಿನ ಮೇಲೆಯೇ 1952ರಲ್ಲಿಯೂ 1957ರಲ್ಲಿಯೂ ಸ್ಕಾಟಿಷ್ ಟ್ರಯಲನ್ನು ಗೆದ್ದ. ಇತ್ತ ನಮ್ಮ ಸೈನ್ಯ ಗಡಿ ಕಾಯಲು ಬುಲೆಟ್ಟನ್ನು ಆರಿಸಿಕೊಂಡಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯ ಹುಟ್ಟಿತು. ಇಂಗ್ಲೆಂಡಿನ ತಾಯಿಮನೆ ಮುಚ್ಚಿದ ಮೇಲೆ ಮಗಳ ಮನೆಯೇ ವಂಶವನ್ನು ಬೆಳೆಸಿ, 1977ರ ಸುಮಾರಿನಿಂದ ಬುಲೆಟ್ಟನ್ನು ತವರಿಗೇ ಕಳುಹಿಸಿಕೊಟ್ಟಿತು.

ವೃದ್ಧ ಈ ಊರಿನವನೇ. ಕಾರ್ಖಾನೆ ಮುಚ್ಚುವವರೆಗೂ ಕುಲುಮೆಯ ಮುಂದೆ ದುಡಿದವನು. ಹದಿಹರೆಯದಲ್ಲಿ ಸ್ಯಾಮಿ ಮಿಲ್ಲರನನ್ನು ಒಂದು ವರ್ಷ ಏರಿಯಲ್ಲಿನ ಮೇಲೆ, ಮರುವರ್ಷ ಬುಲ್ಟಾಕೊದ ಮೇಲೆ ಕಂಡಿದ್ದನಂತೆ. "ಆ ವರ್ಷ ಗುಡುಗು ನಿಂತು ಜೇನ್ನೊಣದ ಸದ್ದು ಬಂತು. ನಮಗೆ ಅಳುವೇ ಬಂತು" ಎಂದ. ಐದು ವರ್ಷದ ಹಿಂದೆ ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆಯಾಗಿ ಸವಾರಿ ನಿಂತಿತು. ಅವನ ಮಗನಿಗೆ ಈ ಗಾಡಿಗಳೆಂದರೆ ಆಗದು. ಮೊಮ್ಮಗಳು ಹದಿನಾಲ್ಕರಲ್ಲಿ ತಾನಾಗಿ ಬಂದು ಕೇಳಿದಳಂತೆ.

"ಇವಳಿಗೆ ಬೆಟ್ಟ ಹತ್ತುವುದನ್ನು ನಾನು ಹೇಳಿಕೊಟ್ಟೆ, ಕೇಳಲಿಲ್ಲ. ತನ್ನ ದಾರಿ ತಾನೇ ಹುಡುಕಿಕೊಂಡಳು" ಎಂದು ದೂರಿದ.

"ಅಜ್ಜ ಹೇಳುವ ದಾರಿಯಲ್ಲಿ ಹೋದರೆ ಐದು ಅಂಕ ಖಂಡಿತ" ಎಂದಳು ಹುಡುಗಿ. "ಆದರೆ ಗಾಡಿಯ ಕಿವಿಮಾತು ಅಜ್ಜನಿಗೆ ಮಾತ್ರ ಕೇಳುತ್ತದೆ."

ಆ ದಿನ ಪೈಪ್‌ಲೈನಿನಲ್ಲಿ ಅವಳು ಎರಡು ಸಲ ಕಾಲೂರಿದ್ದಳು. ಎಲ್ಲಿ, ಏಕೆ ಎಂದು ಇಬ್ಬರೂ ವಾದಿಸತೊಡಗಿದರು; ನನ್ನ ಅಳಿಯ ನೆಲದ ಮೇಲೆ ಕಲ್ಲುಗಳನ್ನಿಟ್ಟು ಘಟ್ಟದ ನಕ್ಷೆ ಮಾಡಿದ. ಎಂಬತ್ತರ ಮುದುಕ ಮೊಣಕಾಲೂರಿ ಕುಳಿತು ಹದಿನೇಳರ ಹುಡುಗನೊಡನೆ ಒಂದು ಕಲ್ಲಿನ ಜಾಗಕ್ಕಾಗಿ ಜಗಳಾಡಿದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಟ್ಯಾಂಕಿನ ಎಡಗಡೆ ಒಂದು ತಗ್ಗಿತ್ತು. ಇದೇಕೆ ಸರಿಮಾಡಿಸಿಲ್ಲವೆಂದು ಕೇಳಿದೆ. "ಮೊದಲ ದಿನ ನಾನು ಕೆಡವಿದ್ದು" ಎಂದಳು ಹುಡುಗಿ. "ಸರಿಮಾಡಿಸಲು ಅಜ್ಜ ಬಿಡುವುದಿಲ್ಲ."

ನಮ್ಮ ತಂದೆಯೂ ಆ ತಗ್ಗನ್ನು ಇಪ್ಪತ್ತು ವರ್ಷ ಹಾಗೆಯೇ ಇಟ್ಟಿದ್ದರು. ಕೈಯಲ್ಲಿ ಹಣವಿಲ್ಲವೆಂದು ನಾನು ತಿಳಿದಿದ್ದೆ.

"ನಿಮ್ಮ ತಂದೆಯ ಗಾಡಿ ಹೇಗಿದೆ?" ಎಂದು ವೃದ್ಧ ಕೇಳಿದ. ಎರಡು ವರ್ಷದಿಂದ ಕಿಕ್ಕರು ಇಳಿಯುತ್ತಿಲ್ಲವೆಂದೆ. ಸೋಮವಾರದ ವಿಷಯವನ್ನೂ ಹೇಳಿದೆ, ಅಳಿಯ ಕೇಳುತ್ತಿದ್ದಾನೆಂದು ತಿಳಿದೇ ಹೇಳಿದೆ. ಹುಡುಗ ನನ್ನ ಮುಖವನ್ನು ನೋಡಿ, ಏನನ್ನೂ ಹೇಳದೆ ನೆಲದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ದೂರ ಎಸೆಯತೊಡಗಿದ. ವೃದ್ಧನೂ ಮಾರಬೇಡಿ ಎನ್ನಲಿಲ್ಲ. "ಯಾರೇ ಇಟ್ಟುಕೊಳ್ಳಲಿ, ಕಿಕ್ಕರಿಗೆ ಬಲ ಹಾಕಬೇಡಿರೆಂದು ಹೇಳಿ. ಪ್ಲಗ್ಗು ಬಿಚ್ಚಿ ಒಂದೆರಡು ಚಮಚ ತೆಳು ಎಣ್ಣೆ ಬಿಡಲಿ. ಒಂದು ವಾರ ಮುಟ್ಟಬಾರದು. ಆ ಮೇಲೆ ಗೇರು ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆಮುಂದೆ ಅಲುಗಾಡಿಸಲಿ" ಎಂದ.

ಆಗ ಸಂಜೆ ನಾಲ್ಕೂವರೆ. ಕಳಸದಲ್ಲಿ ರಾತ್ರಿ ಒಂಬತ್ತು. ಅಮ್ಮ ಮಲಗುವ ಹೊತ್ತು. ಫೋನು ಮಾಡಿದೆ.

"ಅಮ್ಮಾ, ಗಾಡಿ ಕೊಡುವುದು ಬೇಡ. ಮುಂಗಡ ಹಿಂದಕ್ಕೆ ಕೊಟ್ಟುಬಿಡು. ಹಣ ನಾಳೆ ಕಳುಹಿಸುತ್ತೇನೆ."

ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಹಣ ಕಳಿಸುವುದು ಬೇಡ ಮಾರಾಯ. ಆ ಐದು ಸಾವಿರ ದೇವರ ಗೂಡಿನಲ್ಲೇ ಇಟ್ಟಿದ್ದೇನೆ, ಮುಟ್ಟಲಿಲ್ಲ" ಎಂದರು ಅಮ್ಮ.

ಅಳಿಯ ಫೋನು ಕಸಿದುಕೊಂಡು, ತನ್ನ ಒಡಕು ಕನ್ನಡದಲ್ಲಿ ಪ್ಲಗ್ಗು ಎಲ್ಲಿರುತ್ತದೆ, ಯಾರನ್ನು ಕರೆದು ಬಿಚ್ಚಿಸಬೇಕು ಎಂಬುದನ್ನೆಲ್ಲ ಅಜ್ಜಿಗೆ ವಿವರಿಸಿದ. ನಡುವೆ ನಗುತ್ತಾ ವೃದ್ಧನ ಕಡೆ ತಿರುಗಿ, "ಕೊಬ್ಬರಿ ಎಣ್ಣೆ ಆಗುತ್ತದೆಯೇ ಎಂದು ಅಜ್ಜಿ ಕೇಳುತ್ತಿದ್ದಾರೆ" ಎಂದ.

ವೃದ್ಧ ನಗಲಿಲ್ಲ. ಸ್ಪ್ಯಾನರನ್ನು ಕೆಳಗಿಟ್ಟು, ಗಂಭೀರವಾಗಿ ಯೋಚಿಸಿ, "ಬೇಡವೆನ್ನು. ಮನೆಯಲ್ಲಿ ಹೊಲಿಗೆ ಯಂತ್ರ ಇದೆಯೋ ಕೇಳು. ಅದರ ಎಣ್ಣೆಯಾದರೆ ಸರಿ" ಎಂದ.

ಹೊಲಿಗೆ ಯಂತ್ರ ಇತ್ತು. ಎಣ್ಣೆ ಅರ್ಧ ಬಾಟಲು ಉಳಿದಿದೆಯೆಂದು ಅಮ್ಮ ಹೇಳಿದರು.